ತಾರ್ದೆಸ್, ಟಾರ್ಡೆಸ್ ಅಲ್ಲ

(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈಗ ಸಂಜೆ ನಾಲ್ಕೂವರೆ. ಸ್ಪೇನಿನಲ್ಲೋ ಮೆಕ್ಸಿಕೊದಲ್ಲೋ ಈ ಹೊತ್ತಿಗೆ ಸಭೆಯ ಎದುರು ನಿಂತವರು ಮೊದಲು ಹೇಳುವುದು ‘ಬ್ವೇನಾಸ್ ತಾರ್ದೆಸ್’ ಎಂದು. ನೀವೂ ಒಮ್ಮೆ ಹೇಳಿ.

ಹೇಳಿದಿರಿ. ಆದರೆ ಅರ್ಧ ಸಭೆಯಿಂದ ‘ಟಾರ್ಡೆಸ್’ ಎಂದು ಕೇಳಿಸಿತು. ನಾನು ಹೇಳಿದ್ದು ‘ತಾರ್ದೆಸ್’, ನಿಮ್ಮ ಕಿವಿಗೆ ಬಿದ್ದದ್ದೂ ಅದೇ. ಆದರೆ ಹಲಗೆಯ ಮೇಲಿನ ಇಂಗ್ಲಿಷ್ ಲಿಪಿಯನ್ನು ನೋಡಿದ ಕೂಡಲೇ ನಾಲಿಗೆ ತಾನಾಗಿಯೇ ಮೇಲಕ್ಕೆ ಮಡಚಿಕೊಂಡು ‘ಟ’, ‘ಡ’ ಎಂದಿತು. ನಾನು ಇವತ್ತು ಹೇಳಬೇಕೆಂದು ಬಂದಿರುವ ಮಾತು ಇಷ್ಟರಲ್ಲೇ ಇದೆ. ಸ್ಪ್ಯಾನಿಷ್ ಕಲಿಯಲು ನಾವು ಇಂಗ್ಲಿಷಿನ ಸುತ್ತುದಾರಿ ಹಿಡಿಯುತ್ತೇವೆ. ಪುಸ್ತಕ ಇಂಗ್ಲಿಷಿನಲ್ಲಿ, ಆ್ಯಪ್ ಇಂಗ್ಲಿಷಿನಲ್ಲಿ, ಮೇಷ್ಟ್ರೂ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಮಾತನಾಡುವವರಿಗೆ ಕಷ್ಟವಾಗುವುದನ್ನೆಲ್ಲ ನಮಗೂ ಕಷ್ಟವೆಂದು ಒಪ್ಪಿಸಲಾಗುತ್ತದೆ. ಅದರಲ್ಲಿ ಎಷ್ಟೋ ಸಂಗತಿಗಳು ನಮ್ಮ ಮನೆಯಲ್ಲೇ ಇವೆ. ಅವುಗಳಲ್ಲಿ ಕೆಲವನ್ನು ಇವತ್ತು ನಿಮಗೆ ತೋರಿಸುತ್ತೇನೆ.

ಮೊದಲು ಉಚ್ಚಾರ. ಸ್ಪ್ಯಾನಿಷಿನ ‘ತ’ ನಮ್ಮ ‘ತ’ದ ಹಾಗೆ ಹಲ್ಲಿಗೆ ತಾಗುವ ವ್ಯಂಜನ, ‘ದ’ ಕೂಡ ಹಾಗೆಯೇ. ಇಂಗ್ಲಿಷಿನವರು ‘ಪ’, ‘ತ’, ‘ಕ’ಗಳನ್ನು ಪದದ ಮೊದಲಲ್ಲಿ ಹೇಳುವಾಗ ಉಸಿರು ಸೇರಿಸಿ ಸ್ವಲ್ಪ ಮಹಾಪ್ರಾಣ ಮಾಡುತ್ತಾರೆ. ಅದನ್ನು ಬಿಡಿಸಲು ಅವರ ಶಿಕ್ಷಕರು ಬಾಯಿಯ ಮುಂದೆ ಕಾಗದ ಹಿಡಿಸಿ ಅಭ್ಯಾಸ ಮಾಡಿಸುತ್ತಾರೆ. ನಾವು ಒಂದನೇ ತರಗತಿಯಲ್ಲೇ ‘ತ’ ಬೇರೆ ‘ಥ’ ಬೇರೆ ಎಂದು ತಿದ್ದಿದವರು, ನಮಗೆ ಆ ಕಾಗದ ಬೇಡ. ಸ್ಪ್ಯಾನಿಷಿನಲ್ಲಿ ಅ, ಎ, ಇ, ಒ, ಉ ಎಂಬ ಐದೇ ಸ್ವರಗಳು. ಬರೆದಂತೆ ಓದು, ಓದಿದಂತೆ ಬರೆ ಎಂಬ ನಮ್ಮ ಪದ್ಧತಿ ಅಲ್ಲಿಯೂ ಬಹುಮಟ್ಟಿಗೆ ನಡೆಯುತ್ತದೆ.

ಕೆಲವು ಅಕ್ಷರಗಳನ್ನು ಮಾತ್ರ ಹೊಸದಾಗಿ ಕಲಿಯಬೇಕು. ‘ಹೆಚ್’ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಹಾಗಾಗಿ ಎಲ್ಲ ಹೊತ್ತಿಗೂ ಸಲ್ಲುವ ಆ ಮೊದಲ ವಂದನೆ ‘ಹೋಲಾ’ ಅಲ್ಲ, ‘ಓಲಾ’. ‘ಜೆ’ ಬಂದರೆ ಗಂಟಲಿನಿಂದ ಹೊರಡುವ ‘ಹ’. ‘ಜಿ’ಯ ಮುಂದೆ ‘ಎ’ ಅಥವಾ ‘ಇ’ ಸ್ವರ ಬಂದರೂ ಅದೇ ‘ಹ’. ‘ವಿ’ ಮತ್ತು ‘ಬಿ’ ಎರಡಕ್ಕೂ ‘ಬ’. ಎರಡು ‘ಎಲ್’ ಜೊತೆಯಾದರೆ ಹೆಚ್ಚಿನ ಕಡೆ ‘ಯ’. ‘ಎನ್’ ಮೇಲೆ ಸಣ್ಣ ಅಲೆಯ ಗೆರೆ ಇದ್ದರೆ ಅದು ನಮ್ಮ ‘ಞ’. ಈ ‘ಞ’ವನ್ನು ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಒಂದು ಪದದಲ್ಲೂ ಬಿಡಿಯಾಗಿ ಬರೆಯದೆ ಉಳಿದವರು ನಾವು. ಸ್ಪ್ಯಾನಿಷಿನಲ್ಲಿ ಅದು ದೇಶದ ಹೆಸರಿನಲ್ಲೇ ಇದೆ, ಎಸ್ಪಾಞಾ. ದೊಡ್ಡವರನ್ನು ಕರೆಯುವ ಮಾತಿನಲ್ಲೂ ಇದೆ, ಸೆಞೋರ್, ಸೆಞೋರಾ. ವರ್ಷಕ್ಕೆ ‘ಆಞೋ’. ಆ ಗೆರೆಯನ್ನು ಮರೆತು ‘ಆನೋ’ ಎಂದರೆ ಸಭೆಯಲ್ಲಿ ಹೇಳಲಾಗದ ಅರ್ಥ ಬರುತ್ತದೆ. ವಯಸ್ಸು ಹೇಳುವಾಗ ಎಚ್ಚರವಾಗಿರಿ.

ಇನ್ನೊಂದು ಅಕ್ಷರದ ಬಳಿ ಸ್ವಲ್ಪ ನಿಲ್ಲುತ್ತೇನೆ, ಅದು ನನಗೆ ಬಹಳ ಪ್ರಿಯವಾದದ್ದು. ಸ್ಪ್ಯಾನಿಷಿನಲ್ಲಿ ಎರಡು ‘ರ’ಗಳಿವೆ. ‘ಪೆರೊ’ ಎಂದರೆ ‘ಆದರೆ’. ನಾಲಿಗೆಯನ್ನು ಕಂಪಿಸಿ ‘ಪೆರ್ರೊ’ ಎಂದರೆ ‘ನಾಯಿ’. ಇಲ್ಲಿರುವ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ನೆನಪಾಗಿರಬೇಕು, ಹಳಗನ್ನಡದಲ್ಲೂ ‘ರ’ದ ಜೊತೆಗೆ ‘ಱ’ ಎಂಬ ಇನ್ನೊಂದು ಇತ್ತು. ಅದನ್ನು ಶಕಟರೇಫ ಎನ್ನುತ್ತೇವೆ. ಶಕಟ ಎಂದರೆ ಬಂಡಿ. ಸ್ಪ್ಯಾನಿಷಿನ ಗಟ್ಟಿ ‘ರ್ರ’ವೂ ಕಲ್ಲುಹಾದಿಯಲ್ಲಿ ಬಂಡಿ ಉರುಳಿದ ಹಾಗೆಯೇ ಕೇಳಿಸುತ್ತದೆ. ನಮ್ಮ ಊರಿನ ಹೆಸರಿನ ಕೊನೆಯಲ್ಲಿರುವ ‘ಕೆರೆ’ಯನ್ನು ಹಳೆಯ ಶಾಸನಗಳಲ್ಲಿ ‘ಕೆಱೆ’ ಎಂದು ಬರೆಯುತ್ತಿದ್ದರು. ನಾವು ಕಳೆದುಕೊಂಡ ಭೇದವನ್ನು ಅವರು ಉಳಿಸಿಕೊಂಡಿದ್ದಾರೆ. ಬರೆದೂ ಉಚ್ಚರಿಸದ ಆ ‘ಹೆಚ್’ ಕೂಡ ಇಂಥದ್ದೇ. ನಮ್ಮಲ್ಲಿ ‘ಪಾಲ್’ ಹೋಗಿ ‘ಹಾಲು’ ಆಯಿತು, ‘ಪೋಗು’ ಹೋಗಿ ‘ಹೋಗು’ ಆಯಿತು. ಲ್ಯಾಟಿನ್‌ನಿಂದ ಬಂದ ಎಷ್ಟೋ ಪದಗಳಲ್ಲಿ ಮೊದಲ ‘ಫ’ ಸ್ಪ್ಯಾನಿಷಿನಲ್ಲಿ ‘ಹ’ ಆಗಿ, ಆಮೇಲೆ ಆ ‘ಹ’ವೂ ಬಾಯಿಯಿಂದ ಜಾರಿ ಬರವಣಿಗೆಯಲ್ಲಿ ಮಾತ್ರ ಉಳಿಯಿತು. ‘ಮಾತನಾಡುತ್ತೇನೆ’ ಎಂಬುದಕ್ಕೆ ಅವರು ಹೇಳುವ ‘ಆಬ್ಲೋ’ ಹಾಗೆ ಹುಟ್ಟಿದ ಪದ.

ಈಗ ವಂದನೆಗೆ ಬರೋಣ. ಬೆಳಿಗ್ಗೆ ‘ಬ್ವೇನೋಸ್ ದಿಯಾಸ್’, ಮಧ್ಯಾಹ್ನ ಮತ್ತು ಸಂಜೆ ‘ಬ್ವೇನಾಸ್ ತಾರ್ದೆಸ್’, ಕತ್ತಲಾದ ಮೇಲೆ ‘ಬ್ವೇನಾಸ್ ನೋಚೆಸ್’. ಕೊನೆಯದನ್ನು ಭೇಟಿಯಾದಾಗಲೂ ಹೇಳಬಹುದು, ಬೀಳ್ಕೊಡುವಾಗಲೂ ಹೇಳಬಹುದು. ಸ್ಪೇನಿನಲ್ಲಿ ಮಧ್ಯಾಹ್ನದ ಊಟವೇ ಎರಡು ಗಂಟೆಯ ಆಸುಪಾಸಿಗೆ. ಊಟ ಆಗುವವರೆಗೆ ಅನೇಕರಿಗೆ ಅದು ಇನ್ನೂ ‘ದಿಯಾಸ್’. ಗಡಿಯಾರಕ್ಕಿಂತ ಹೊಟ್ಟೆಯ ಲೆಕ್ಕ ಅಲ್ಲಿ ನಡೆಯುತ್ತದೆ.

ಬೆಳಿಗ್ಗೆ ‘ಬ್ವೇನೋಸ್’, ಉಳಿದ ಹೊತ್ತು ‘ಬ್ವೇನಾಸ್’ ಏಕೆ ಎಂದು ಈ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅಲ್ಲಿ ವಸ್ತುಗಳಿಗೂ ಲಿಂಗವಿದೆ. ಹಗಲು ಪುಲ್ಲಿಂಗ, ಸಂಜೆ ಮತ್ತು ರಾತ್ರಿ ಸ್ತ್ರೀಲಿಂಗ. ಕನ್ನಡದಲ್ಲಿ ಇವೆಲ್ಲ ನಪುಂಸಕಲಿಂಗ, ಆದ್ದರಿಂದ ಇಲ್ಲಿ ಕನ್ನಡ ನಮಗೆ ನೆರವಾಗುವುದಿಲ್ಲ. ಆದರೆ ಶಾಲೆಯಲ್ಲಿ ಕಲಿತ ಹಿಂದಿಯನ್ನು ನೆನಪಿಸಿಕೊಳ್ಳಿ. ‘ದಿನ್’ ಪುಲ್ಲಿಂಗ, ‘ಶಾಮ್’ ಸ್ತ್ರೀಲಿಂಗ, ‘ರಾತ್’ ಸ್ತ್ರೀಲಿಂಗ. ಮೂರೂ ಹಾಗೆಯೇ ಹೊಂದುತ್ತವೆ. ಹಿಂದಿ ಪರೀಕ್ಷೆಗೆ ಉರು ಹೊಡೆದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ವಂದನೆಯ ಮುಂದಿನ ಮೆಟ್ಟಿಲು ಕುಶಲ ಪ್ರಶ್ನೆ. ಇಲ್ಲಿ ನಾನು ಪಟ್ಟ ಪಾಡನ್ನು ಹೇಳಲೇಬೇಕು. ಓದು ಮುಗಿಸಿ ಬೆಂಗಳೂರಿನಲ್ಲಿ ಮೊದಲ ಕೆಲಸ, ಮೆಕ್ಸಿಕೊದ ಗ್ರಾಹಕರ ಫೋನ್ ಕರೆಗಳಿಗೆ ಉತ್ತರಿಸುವುದು. ಒಂದು ರಾತ್ರಿ ವಯಸ್ಸಾದ ಮಹಿಳೆಯೊಬ್ಬರ ಕರೆ ಬಂತು. ನಾನು ಉತ್ಸಾಹದಿಂದ ‘ಕೋಮೋ ಎಸ್ತಾಸ್?’ ಎಂದು ಕೇಳಿದೆ. ಆ ಕಡೆ ಕೆಲವು ಕ್ಷಣ ಮೌನ. ಆಮೇಲೆ ಆಕೆ ತಣ್ಣಗಿನ ದನಿಯಲ್ಲಿ ತಮ್ಮ ಕೆಲಸವನ್ನಷ್ಟೇ ಹೇಳಿ ಮುಗಿಸಿದರು. ನಾನು ಕೇಳಿದ್ದು ‘ಹೇಗಿದ್ದೀಯ?’ ಎಂದು. ಕೇಳಬೇಕಾಗಿದ್ದದ್ದು ‘ಕೋಮೋ ಎಸ್ತಾ ಉಸ್ತೆದ್?’, ‘ಹೇಗಿದ್ದೀರಿ?’. ಇಂಗ್ಲಿಷಿನಲ್ಲಿ ‘ಯೂ’ ಒಂದೇ, ನಾನು ಅದರ ಮೂಲಕ ಕಲಿತಿದ್ದೆ. ನಮ್ಮ ಓಣಿಯಲ್ಲಿ ಅಷ್ಟು ವಯಸ್ಸಿನ ಅಜ್ಜಿಯನ್ನು, ಅದೂ ಪರಿಚಯವಿಲ್ಲದವರನ್ನು, ನಾನು ಕನಸಿನಲ್ಲೂ ಏಕವಚನದಲ್ಲಿ ಮಾತನಾಡಿಸುತ್ತಿರಲಿಲ್ಲ. ಕನ್ನಡದಲ್ಲಿ ಯೋಚಿಸಿದ್ದರೆ ಆ ತಪ್ಪು ಆಗುತ್ತಿರಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

‘ತೂ’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು. ಈ ಉಸ್ತೆದ್‌ನ ಹುಟ್ಟು ಚೆನ್ನಾಗಿದೆ. ‘ಬುಯೆಸ್ತ್ರಾ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’ ಎಂಬ ಗೌರವದ ಮಾತು ಬಾಯಿಂದ ಬಾಯಿಗೆ ಸವೆದು ಉಸ್ತೆದ್ ಆಯಿತು. ಹಾಗಾಗಿ ಎದುರಿಗಿರುವವರೊಂದಿಗೆ ಮಾತನಾಡುತ್ತಿದ್ದರೂ ಕ್ರಿಯಾಪದ ‘ಅವರು’ ಎಂಬ ಪ್ರಥಮ ಪುರುಷದಲ್ಲಿ ಬರುತ್ತದೆ. ಇಂಗ್ಲಿಷ್ ಪುಸ್ತಕಗಳು ಇದನ್ನು ವಿವರಿಸಲು ಪುಟಗಟ್ಟಲೆ ತೆಗೆದುಕೊಳ್ಳುತ್ತವೆ. ಸಿರಿಗೆರೆಯ ಮಠಕ್ಕೋ ಚಿತ್ರದುರ್ಗದ ಮಠಕ್ಕೋ ಹೋಗಿ ಬಂದವರಿಗೆ ಒಂದು ಸಾಲು ಸಾಕು. ಸ್ವಾಮಿಗಳ ಎದುರು ಕೈಮುಗಿದು ನಿಂತು ‘ಬುದ್ಧಿಯವರು ಯಾವಾಗ ಬಂದರು?’ ಎಂದು ಕೇಳುತ್ತೇವೆ. ಎದುರಿಗೇ ಇದ್ದಾರೆ, ಆದರೂ ‘ಬಂದಿರಿ’ ಎನ್ನದೆ ‘ಬಂದರು’ ಎನ್ನುತ್ತೇವೆ. ಉಸ್ತೆದ್ ಕೂಡ ಹೀಗೆಯೇ.

ಯಾರಿಗೆ ತೂ, ಯಾರಿಗೆ ಉಸ್ತೆದ್ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಸ್ಪೇನಿನಲ್ಲಿ ಈಗ ಅಂಗಡಿಯವರೂ ಗಿರಾಕಿಗಳೂ ತೂ ಎಂದುಕೊಳ್ಳುವುದು ಸಾಮಾನ್ಯ. ಕೊಲಂಬಿಯಾದ ಕೆಲವು ಭಾಗಗಳಲ್ಲಿ ಮನೆಯೊಳಗೇ ಒಬ್ಬರಿಗೊಬ್ಬರು ಉಸ್ತೆದ್ ಎನ್ನುತ್ತಾರೆ. ಅರ್ಜೆಂಟೀನಾದಲ್ಲಿ ತೂ ಬದಲು ‘ಬೋಸ್’. ಇದರಿಂದ ಗಾಬರಿಯಾಗಬೇಡಿ. ನಮ್ಮಲ್ಲೇ ಎಷ್ಟೋ ಮನೆಗಳಲ್ಲಿ ಅವ್ವನಿಗೆ ‘ನೀನು’, ಅಪ್ಪನಿಗೆ ‘ನೀವು’ ಎನ್ನುತ್ತೇವೆ. ಅವ್ವನ ಮೇಲಿನ ಗೌರವ ಅದರಿಂದ ಕಡಿಮೆ ಆಗಿಲ್ಲ. ಹೊಸಬರು ದೊಡ್ಡವರೊಂದಿಗೆ ಉಸ್ತೆದ್‌ನಿಂದ ಶುರುಮಾಡಿ. ಸಲಿಗೆ ಬೇಕೆನಿಸಿದರೆ ಅವರೇ ‘ನನ್ನನ್ನು ತೂ ಎನ್ನಿ’ ಎನ್ನುತ್ತಾರೆ. ಅದಕ್ಕೊಂದು ಪ್ರತ್ಯೇಕ ಕ್ರಿಯಾಪದವೇ ಇದೆ, ‘ತುತೆಯಾರ್’. ನಮ್ಮ ‘ಏಕವಚನದಲ್ಲಿ ಮಾತನಾಡಿಸು’ ಎಂಬುದು ಅದೇ.

ಉತ್ತರ ಹೇಳುವುದು ಸುಲಭ. ‘ಎಸ್ತೊಯ್ ಬ್ಯೆನ್, ಗ್ರಾಸಿಯಾಸ್. ಈ ಉಸ್ತೆದ್?’ ಚೆನ್ನಾಗಿದ್ದೇನೆ, ಧನ್ಯವಾದ, ನೀವು? ಸ್ಪೇನಿನ ಹೆಚ್ಚಿನ ಭಾಗಗಳಲ್ಲಿ ಈ ‘ಸಿ’ಯನ್ನು ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ‘ಗ್ರಾಥಿಯಾಸ್’ ಎಂಬಂತೆ ಹೇಳುತ್ತಾರೆ. ಲ್ಯಾಟಿನ್ ಅಮೆರಿಕದಲ್ಲಿ ‘ಗ್ರಾಸಿಯಾಸ್’. ಎರಡೂ ಸರಿ. ‘ಕೆ ತಾಲ್?’ ಎಂಬ ಸಣ್ಣ ಪ್ರಶ್ನೆಯೂ ಇದೆ. ಅದು ನಮ್ಮ ‘ಊಟ ಆಯಿತಾ?’ ಇದ್ದ ಹಾಗೆ. ಕೇಳಿದವರಿಗೆ ಏನು ಊಟ ಮಾಡಿದಿರಿ ಎಂಬ ವರದಿ ಬೇಕಿಲ್ಲ, ಕಂಡ ಮುಖಕ್ಕೆ ಒಂದು ಮಾತು ಬೇಕು.

ಇನ್ನು ಪರಿಚಯ. ‘ಮೆ ಯಾಮೋ’ ಎಂದು ಹೇಳಿ ಹೆಸರು ಸೇರಿಸಿ. ಅಕ್ಷರಶಃ ‘ನನ್ನನ್ನು ಹೀಗೆ ಕರೆದುಕೊಳ್ಳುತ್ತೇನೆ’ ಎಂದರ್ಥ. ಎದುರಿನವರ ಹೆಸರು ಕೇಳಲು ‘ಕೋಮೋ ತೆ ಯಾಮಾಸ್?’, ಗೌರವದಿಂದ ಕೇಳುವಾಗ ‘ಕೋಮೋ ಸೆ ಯಾಮಾ ಉಸ್ತೆದ್?’. ಬರೆಯುವಾಗ ಪ್ರಶ್ನೆಯ ಮೊದಲಿಗೂ ಒಂದು ತಲೆಕೆಳಗಾದ ಚಿಹ್ನೆ ಹಾಕುತ್ತಾರೆ, ಹೀಗೆ: ¿. ಸ್ಪ್ಯಾನಿಷ್ ಭಾಷೆಯ ರಾಯಲ್ ಅಕಾಡೆಮಿ 1713ರಲ್ಲಿ ಸ್ಥಾಪನೆಯಾಯಿತು. ಅದು ಈ ಚಿಹ್ನೆಯನ್ನು 1754ರಲ್ಲಿ ತನ್ನ ಕಾಗುಣಿತದ ನಿಯಮಗಳಿಗೆ ಸೇರಿಸಿತು. ನಾವು ‘ಬಂದನಾ’ ಎಂದು ಕೊನೆಗೆ ಒಂದು ‘ಆ’ ಸೇರಿಸಿ ಪ್ರಶ್ನೆ ಮಾಡುತ್ತೇವೆ. ಅವರಿಗೆ ಆ ಸೌಕರ್ಯವಿಲ್ಲ, ‘ಬಂದ’ ಎಂಬ ಹೇಳಿಕೆಗೂ ‘ಬಂದನಾ?’ ಎಂಬ ಪ್ರಶ್ನೆಗೂ ಪದಗಳು ಒಂದೇ ಇರಬಹುದು. ಉದ್ದದ ವಾಕ್ಯ ಓದುವವರಿಗೆ ಮೊದಲೇ ಸೂಚನೆ ಸಿಗಲಿ ಎಂದು ಈ ಏರ್ಪಾಡು.

ಊರು ಹೇಳಲು ‘ಸೊಯ್ ದೆ ದಾವಣಗೆರೆ’. ಈ ‘ಸೊಯ್’ ಮತ್ತು ಆಗ ಬಂದ ‘ಎಸ್ತೊಯ್’ ಇವೆಯಲ್ಲ, ಜಗತ್ತಿನಾದ್ಯಂತ ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯುವವರು ಬೆವರುವುದು ಇಲ್ಲಿಯೇ. ಇಂಗ್ಲಿಷಿನ ಒಂದೇ ‘ಆ್ಯಮ್’ಗೆ ಅಲ್ಲಿ ಎರಡು ಕ್ರಿಯಾಪದಗಳು. ನೀವು ಇಂಗ್ಲಿಷನ್ನು ಮರೆತು ಕನ್ನಡದಲ್ಲಿ ಹೇಳಿ ನೋಡಿ. ‘ನಾನು ದಾವಣಗೆರೆಯವನು.’ ‘ನಾನು ವಿದ್ಯಾರ್ಥಿ.’ ಇವುಗಳಲ್ಲಿ ಕ್ರಿಯಾಪದವೇ ಇಲ್ಲ. ‘ಚೆನ್ನಾಗಿದ್ದೇನೆ.’ ‘ಮನೆಯಲ್ಲಿದ್ದೇನೆ.’ ಇವುಗಳಲ್ಲಿ ‘ಇರು’ ಬಂತು. ಕನ್ನಡದಲ್ಲಿ ಕ್ರಿಯಾಪದ ಬೇಡವಾದಲ್ಲಿ ಬಹುಮಟ್ಟಿಗೆ ‘ಸೊಯ್’, ‘ಇರು’ ಬಂದಲ್ಲಿ ಬಹುಮಟ್ಟಿಗೆ ‘ಎಸ್ತೊಯ್’. ಇದಕ್ಕಿಂತ ಸೂಕ್ಷ್ಮವಾದದ್ದೂ ಹೊಂದುತ್ತದೆ. ‘ಕಾಫಿ ಮೇಜಿನ ಮೇಲಿದೆ’ ಎನ್ನುವಾಗ ಅವರು ‘ಎಸ್ತಾ’ ಎನ್ನುತ್ತಾರೆ. ಆದರೆ ‘ಮದುವೆ ಎಲ್ಲಿ? ಮದುವೆ ಹರಿಹರದಲ್ಲಿ’ ಎನ್ನುವಾಗ ನಾವೂ ‘ಇದೆ’ ಸೇರಿಸದೆ ಹೇಳುತ್ತೇವೆ, ಅವರೂ ಆಗ ‘ಎಸ್ತಾ’ ಬಿಟ್ಟು ‘ಎಸ್’ ಬಳಸುತ್ತಾರೆ. ಇದು ಎಲ್ಲ ಕಡೆಯೂ ನಡೆಯುವ ಸೂತ್ರವಲ್ಲ ಎಂಬುದನ್ನೂ ಹೇಳಿಬಿಡಬೇಕು. ‘ಅವಳು ಎತ್ತರವಾಗಿದ್ದಾಳೆ’ ಎಂದು ನಾವು ‘ಇರು’ ಬಳಸಿದರೆ, ಎತ್ತರ ಅವಳ ಗುಣವೆಂದು ಅವರು ‘ಎಸ್’ ಎನ್ನುತ್ತಾರೆ. ಆದರೂ ಮೊದಲ ಆರು ತಿಂಗಳು ಈ ಸೂತ್ರ ನಿಮ್ಮನ್ನು ಸಾಕಷ್ಟು ದೂರ ಕರೆದೊಯ್ಯುತ್ತದೆ.

‘ಸೊಯ್’ ಎಂದರೆ ಸಾಕು, ‘ನಾನು’ ಎಂಬುದಕ್ಕಿರುವ ‘ಯೊ’ ಬೇಡ ಎಂಬುದನ್ನೂ ಗಮನಿಸಿರಬೇಕು. ‘ಬರುತ್ತೇನೆ’ ಎಂದರೆ ಯಾರು ಎಂದು ನಾವು ಕೇಳುವುದಿಲ್ಲವಲ್ಲ, ಹಾಗೆ. ಇಷ್ಟವನ್ನು ಹೇಳುವ ರೀತಿಯೂ ನಮ್ಮದೇ. ‘ನನಗೆ ಬೆಣ್ಣೆ ದೋಸೆ ಇಷ್ಟ’ ಎನ್ನುವಾಗ ದೋಸೆ ಕರ್ತೃ, ನಾನು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿದ್ದೇನೆ. ‘ಮೆ ಗೂಸ್ತಾ’ ಎಂಬ ಅವರ ವಾಕ್ಯದಲ್ಲೂ ‘ಮೆ’ ಎಂದರೆ ‘ನನಗೆ’. ‘ನನಗೆ ತಲೆನೋವು’ ಎನ್ನುವಲ್ಲಿ ಕೂಡ ಅದೇ ‘ಮೆ’. ಇಂಗ್ಲಿಷ್ ಹಾದಿಯಲ್ಲಿ ಬಂದವರಿಗೆ ಇದು ತಲೆಕೆಳಗಾದ ವ್ಯಾಕರಣ. ನಮಗೆ ಅಲ್ಲ.

ಪರಿಚಯ ಆದ ಮೇಲೆ ‘ಮೂಚೋ ಗೂಸ್ತೋ’ ಎನ್ನಿ, ಭೇಟಿಯಿಂದ ಸಂತೋಷವಾಯಿತು ಎಂದು. ಅಥವಾ ಗಂಡಸರು ‘ಎಂಕಂತಾದೋ’, ಹೆಂಗಸರು ‘ಎಂಕಂತಾದಾ’. ಸ್ಪೇನಿನಲ್ಲಿ ಇದರ ಜೊತೆ ಎರಡು ಕೆನ್ನೆಗಳಿಗೂ ಮುತ್ತು ಕೊಡುವ ರೂಢಿ ಇದೆ, ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ಒಂದು ಕೆನ್ನೆಗೆ. ಗಂಡಸರು ತಮ್ಮ ನಡುವೆ ಸಾಮಾನ್ಯವಾಗಿ ಕೈಕುಲುಕುತ್ತಾರೆ. ನಿಮಗೆ ಮುಜುಗರವೆನಿಸಿದರೆ ಕೈ ಮುಂದೆ ಚಾಚಿ, ಅರ್ಥಮಾಡಿಕೊಳ್ಳುತ್ತಾರೆ.

ಹೆಸರಿನ ವಿಷಯ ಒಂದಿಷ್ಟು. ಅಲ್ಲಿ ಒಬ್ಬರಿಗೆ ಎರಡು ಮನೆತನದ ಹೆಸರುಗಳು, ಸಾಮಾನ್ಯವಾಗಿ ಮೊದಲು ತಂದೆಯದು, ಆಮೇಲೆ ತಾಯಿಯದು. ಟೆನಿಸ್ ಆಟಗಾರ ನಡಾಲ್ ಅವರ ಪೂರ್ಣ ಹೆಸರು ರಫಾಯೆಲ್ ನಡಾಲ್ ಪರೇರಾ. ನಡಾಲ್ ತಂದೆಯ ಕಡೆಯದು, ಪರೇರಾ ತಾಯಿಯ ಕಡೆಯದು. ಕೊನೆಯ ಹೆಸರು ಹಿಡಿದು ಸೆಞೋರ್ ಪರೇರಾ ಎಂದು ಕರೆದರೆ ತಪ್ಪು. ಸ್ಪೇನಿನಲ್ಲಿ ಮದುವೆಯಾದ ಹೆಂಗಸರು ಹೆಸರು ಬದಲಿಸುವುದಿಲ್ಲ. ತಾಯಿಯ ಮನೆತನ ಮಕ್ಕಳ ಹೆಸರಿನಲ್ಲಿ ಉಳಿಯುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಇದನ್ನೆಲ್ಲ ಕಲಿತು ದಾವಣಗೆರೆಯಲ್ಲಿ ಯಾರೊಂದಿಗೆ ಮಾತನಾಡುವುದು ಎಂದು ಕೇಳುತ್ತೀರಿ. ಸುಮಾರು 20 ದೇಶಗಳ ಅಧಿಕೃತ ಭಾಷೆ ಅದು, 45 ಕೋಟಿಗೂ ಹೆಚ್ಚು ಜನರ ತಾಯ್ನುಡಿ. ಅಷ್ಟು ದೂರ ಹೋಗುವುದೇ ಬೇಡ. ಚಿತ್ರದುರ್ಗ ಜಿಲ್ಲೆಯ ಗಡಿ ದಾಟಿದರೆ ಅನಂತಪುರ. ಬಾರ್ಸಿಲೋನಾದ ವಿಸೆಂತೆ ಫೆರರ್ 1969ರಲ್ಲಿ ಅಲ್ಲಿಗೆ ಬಂದು, 2009ರಲ್ಲಿ ತೀರಿಕೊಳ್ಳುವವರೆಗೆ ಬರಪೀಡಿತ ಹಳ್ಳಿಗಳಲ್ಲಿ ಕೆಲಸ ಮಾಡಿದರು. ಅವರ ಸಂಸ್ಥೆಗೆ ಸ್ಪೇನಿನ ಸಾವಿರಾರು ಕುಟುಂಬಗಳು ನೆರವು ನೀಡುತ್ತಾ ಬಂದಿವೆ, ಜನ ಬಂದು ನೋಡಿ ಹೋಗುತ್ತಾರೆ. ಈಗ ಹೇಳಿದ ನಡಾಲ್ ಅವರ ಪ್ರತಿಷ್ಠಾನವೂ 2010ರಲ್ಲಿ ಅನಂತಪುರದಲ್ಲಿ ಮಕ್ಕಳಿಗಾಗಿ ಟೆನಿಸ್ ಶಾಲೆ ತೆರೆಯಿತು.

ಅಲ್ಲಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಎಪ್ಪತ್ತು ದಾಟಿದ ದಂಪತಿ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದರು. ತಮ್ಮತಮ್ಮಲ್ಲೇ ಆಡುತ್ತಿದ್ದ ಮಾತು ಕಿವಿಗೆ ಬಿದ್ದಿತು. ಹತ್ತಿರ ಹೋಗಿ ‘ಬ್ವೇನಾಸ್ ತಾರ್ದೆಸ್, ಸೆಞೋರ್’ ಎಂದೆ. ಆ ಹಿರಿಯರು ನನ್ನನ್ನು ದಾಟಿ ಹಿಂದೆ ನೋಡಿದರು, ಮಾತು ಬೇರೆ ಯಾರಿಂದಲೋ ಬಂತೆಂದು. ಆಮೇಲೆ ನನ್ನ ಮುಖಕ್ಕೆ ಅವರ ಕಣ್ಣು ಬಂದು ನಿಂತಿತು. ಪತ್ನಿ ನನ್ನ ಮುಂಗೈ ಹಿಡಿದು ‘ಎಂಕಂತಾದಾ’ ಎಂದರು, ಹಿಡಿದ ಕೈ ಬಿಡಲಿಲ್ಲ. ‘ದೆ ದೊಂದೆ ಎಸ್ ಉಸ್ತೆದ್?’ ಎಂದು ಊರು ಕೇಳಿದರು. ನನಗಿಂತ ಅಷ್ಟು ದೊಡ್ಡವರು ನನಗೆ ಉಸ್ತೆದ್ ಎಂದರು! ಊರಿನ ಹೆಸರನ್ನು ಅವರ ಚೀಟಿಯ ಹಿಂದೆ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಟ್ಟೆ. ಆಕೆ ಬೆರಳಿಟ್ಟು ನಿಧಾನವಾಗಿ ಓದಿದರು: ‘ದಾ-ಬಾ-ನ-ಹೆ-ರೆ’. ‘ವ’ ಹೋಗಿ ‘ಬ’, ‘ಗೆ’ ಹೋಗಿ ‘ಹೆ’. ಅವರ ನಿಯಮದಂತೆ ಒಂದಕ್ಷರವೂ ತಪ್ಪಿರಲಿಲ್ಲ.

ನಿಮ್ಮ ಊರುಗಳನ್ನೂ ಹೀಗೆ ಓದಿ ನೋಡಿ, ನಿಯಮಗಳು ತಾವಾಗಿ ನಾಲಿಗೆಗೆ ಹತ್ತುತ್ತವೆ. ಹರಿಹರ ‘ಅರಿಅರ್’ ಆಗುತ್ತದೆ. ಹೊಸದುರ್ಗ ‘ಒಸದುರ್ಗ’. ಜಗಳೂರಿನ ಹುಡುಗಿಯೊಬ್ಬಳು ಇಲ್ಲಿ ಕೈಯೆತ್ತಿದ್ದಾಳೆ. ನಿನ್ನ ಊರು ‘ಹಗಲೂರ್’ ತಾಯಿ, ಎಷ್ಟು ಬೆಳಕಿನ ಹೆಸರು ನೋಡು.

ಪರಿಚಯಕ್ಕೆ ಇನ್ನೊಂದು ವಾಕ್ಯ ಸೇರಿಸಿಕೊಳ್ಳಿ, ರೈತರ ಮನೆಯ ಮಕ್ಕಳು ಇಲ್ಲಿ ಬಹಳ ಜನ ಇದ್ದೀರಿ. ‘ಮಿ ಪಾದ್ರೆ ಕುಲ್ತೀಬಾ ಮಾಈಸ್.’ ನಮ್ಮ ಅಪ್ಪ ಮೆಕ್ಕೆಜೋಳ ಬೆಳೆಯುತ್ತಾರೆ. ಮೆಕ್ಕೆಜೋಳದ ತವರು ಮೆಕ್ಸಿಕೊ. ಕೆರಿಬಿಯನ್ ದ್ವೀಪಗಳ ತಾಯಿನೊ ಜನರ ಮಾತಿನಿಂದ ಸ್ಪ್ಯಾನಿಷಿಗೆ ‘ಮಾಈಸ್’ ಬಂತು, ಇಂಗ್ಲಿಷಿನ ‘ಮೇಜ್’ ಬಂದದ್ದು ಅದರಿಂದ. ನಮ್ಮ ಮಾರುಕಟ್ಟೆಯಲ್ಲಿ ರಾಶಿ ಬೀಳುವ ಆ ಕಾಳನ್ನು ಕೈಯಲ್ಲಿ ಹಿಡಿದು ಅದರ ತವರಿನ ಭಾಷೆಯಲ್ಲಿ ನೀವು ಪರಿಚಯ ಹೇಳಿಕೊಳ್ಳಬಹುದು. ಮಂಡಕ್ಕಿಯ ಜೊತೆ ಕಚ್ಚಿಕೊಳ್ಳುವ ಮೆಣಸಿನಕಾಯಿಯೂ ಚಳ್ಳಕೆರೆಯ ಶೇಂಗಾವೂ ಅಮೆರಿಕ ಖಂಡಗಳಿಂದಲೇ ಬಂದವು.

ಕೊನೆಗೆ ಬೀಳ್ಕೊಡುಗೆ. ‘ಆದಿಯೋಸ್’ ಎಲ್ಲರಿಗೂ ಗೊತ್ತು. ಅದರೊಳಗಿರುವುದು ‘ದೇವರಿಗೆ’ ಎಂಬ ಮಾತು, ನಿನ್ನನ್ನು ಅವನ ವಶಕ್ಕೆ ಒಪ್ಪಿಸಿದೆ ಎಂಬ ಭಾವ. ದಿನನಿತ್ಯಕ್ಕೆ ‘ಅಸ್ತಾ ಲುಏಗೋ’ ಹೆಚ್ಚು. ‘ಅಸ್ತಾ’ ಎಂದರೆ ‘ವರೆಗೆ’, ಮತ್ತೆ ಕಾಣುವವರೆಗೆ. ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎಂದರೆ ನಮ್ಮ ಅವ್ವಂದಿರು ಗದರಿ ‘ಬರುತ್ತೇನೆ ಅನ್ನು’ ಎನ್ನುತ್ತಾರಲ್ಲ, ಆ ಮಾತಿಗೆ ಇದು ಹತ್ತಿರದ್ದು. ನಾಳೆ ಸಿಗುವವರಿಗೆ ‘ಅಸ್ತಾ ಮಞಾನಾ’. ನಾವು ಮತ್ತೆ ಸೇರುವುದು ಭಾನುವಾರ, ಇದೇ ಕೋಣೆಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ಪ್ರತಿಯೊಬ್ಬರೂ ಹೆಸರು, ಊರು, ಮನೆಯವರ ಕಸುಬು ಹೇಳುವ ಮೂರು ವಾಕ್ಯ ಬರೆದು ತನ್ನಿ. ಕನ್ನಡ ಅಕ್ಷರದಲ್ಲೇ ಬರೆಯಿರಿ. ಅಸ್ತಾ ಎಲ್ ದೊಮಿಂಗೋ.